ಕಿತ್ತೆಸೆಯುವ ಮುನ್ನ

ಮುಂಬಯಿಯ ಪರೇಲಿನ ಆಸ್ಪತ್ರೆಗಳ ಸುತ್ತ ಔಷಧಿ ಅಂಗಡಿ ನಡೆಸುವ ಗೆಳೆಯರೇ, ನಿಮ್ಮ ಬಿಲ್ಲು-ಸ್ಟಾಕಿನ ಪ್ರೋಗ್ರಾಂ ಇನ್ನೂ ಫಾಕ್ಸ್‌ಪ್ರೋದಲ್ಲಿದೆಯೇ? ವಿಷುಯಲ್ ಫಾಕ್ಸ್‌ಪ್ರೋಗೆ ಮೈಕ್ರೋಸಾಫ್ಟಿನ ಬೆಂಬಲ 2015ರ ಜನವರಿಯಲ್ಲೇ ಮುಗಿದಿದೆ, ನಿಜ. ಹಾಗೆಂದು ನಾಳೆಯೇ ಎಲ್ಲ ಕಿತ್ತು ಹೊಸದಾಗಿ ಬರೆಸಲು ಹೊರಡಬೇಡಿ.

ಹಳೆಯ ಕೋಡಿನಲ್ಲಿ ವಿಚಿತ್ರವಾಗಿ ಕಾಣುವ ಸಾಲಿಗೆ ಬಹಳ ಸಲ ಒಂದು ಕಾರಣವಿರುತ್ತದೆ. ಅರ್ಧ ಸ್ಟ್ರಿಪ್ ಮಾರಿದ ಲೆಕ್ಕ, ಅವಧಿ ಮೀರಿದ ಮಾಲು ವಾಪಸು ಕಳಿಸುವ ಲೆಕ್ಕ, 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಹಾಕಿದ ತೇಪೆ: ಇವನ್ನೆಲ್ಲ ಕಾಗದದಲ್ಲಿ ಬರೆದಿಟ್ಟವರು ಕಡಿಮೆ. ಕೋಡೇ ಇವುಗಳ ದಾಖಲೆ. ಎಲ್ಲ ಕಿತ್ತು ಹೊರಟವರ ಕತೆ ನೋಡಿ: ನೆಟ್‌ಸ್ಕೇಪ್ ಕಂಪನಿ ತನ್ನ ಬ್ರೌಸರನ್ನು ಬುಡದಿಂದ ಬರೆಯಲು ಹೋಗಿ, 4ನೇ ಆವೃತ್ತಿಯ ನಂತರ 6ನೆಯದು ಬರಲು ಮೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಅಷ್ಟರಲ್ಲಿ ಬಳಕೆದಾರರು ಜಾರಿಹೋಗಿದ್ದರು. ನಿಮ್ಮ ಅಂಗಡಿ ಮೂರು ದಿನವೂ ಕಾಯಲಾರದು.

ಹಾಗಾಗಿ ಹಂತ ಹಂತವಾಗಿ ಬದಲಿಸಿ. ಮೊದಲು ದತ್ತಾಂಶವಿರುವ ಡಿಬಿಎಫ್ ಫೈಲುಗಳ ಬ್ಯಾಕಪ್ ತೆಗೆದು, ದತ್ತಾಂಶವನ್ನಷ್ಟೇ ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸಿಗೆ ಸಾಗಿಸಿ. ಹಳೆಯ ನುಡಿ ಫಾಂಟಿನಲ್ಲಿ ಕನ್ನಡ ಹೆಸರುಗಳಿದ್ದರೆ ಆಗಲೇ ಯೂನಿಕೋಡಿಗೆ ಬದಲಿಸಿ. ಆಮೇಲೆ ವರದಿಗಳನ್ನು, ಕೊನೆಗೆ ಬಿಲ್ಲಿನ ಪರದೆಯನ್ನು ಹೊಸದಾಗಿ ಮಾಡಿಸಿ. ಒಂದು ತಿಂಗಳು ಹಳೆಯದು, ಹೊಸದು ಎರಡನ್ನೂ ಓಡಿಸಿ, ರಾತ್ರಿ ಗಲ್ಲಾ ಎಣಿಸುವಾಗ ಮೊತ್ತ ತಾಳೆ ನೋಡಿ.

ಮೂಲ ಕೋಡೇ ಕಳೆದುಹೋಗಿದ್ದರೆ, ಅಥವಾ ನಿಮ್ಮ ವ್ಯಾಪಾರದ ಸ್ವರೂಪವೇ ಬದಲಾಗಿದ್ದರೆ ಮಾತು ಬೇರೆ; ಹೊಸದನ್ನೇ ಬರೆಸಿ. ಆಗಲೂ ಕೌಂಟರಿನಲ್ಲಿ ಹತ್ತು ವರ್ಷ ಕೂತ ಹುಡುಗನನ್ನು ಪ್ರೋಗ್ರಾಮರ್ ಪಕ್ಕದಲ್ಲಿ ಕೂರಿಸಿ.