ಟೀಗೆ ಬಾ ಅಂದ್ರೆ ಊಟಕ್ಕೆ ಬಾ ಅಂತ

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಎಂಎಸ್ ಓದುತ್ತಿರುವ ನನ್ನ ದೊಡ್ಡಮ್ಮನ ಮಗಳನ್ನು ಅವಳ ಕ್ಲಾಸ್‌ಮೇಟ್ ಒಬ್ಬಳು "ಶನಿವಾರ ಐದೂವರೆಗೆ ಮನೆಗೆ ಟೀಗೆ ಬಾ" ಅಂತ ಕರೆದಳು. ಟೀ ಅಂದ್ರೆ ಟೀ, ಜೊತೆಗೆ ಎರಡು ಬಿಸ್ಕತ್ತು ಅಂದುಕೊಂಡ ಅಕ್ಕ ರೂಮಿನಲ್ಲಿ ಹೊಟ್ಟೆ ತುಂಬ ಚಿತ್ರಾನ್ನ ತಿಂದು ಹೋದಳು. ಹೋಗಿ ನೋಡಿದರೆ ಮೇಜಿನ ಮೇಲೆ ಪೂರ್ತಿ ಊಟ! ಬೇಯಿಸಿದ ಆಲೂಗಡ್ಡೆ, ಬಟಾಣಿ, ಮತ್ತೆ ಅಕ್ಕ ಮಾಂಸ ತಿನ್ನಲ್ಲ ಅಂತ ಆ ಹುಡುಗಿಯ ಅಮ್ಮ ಅವಳಿಗೋಸ್ಕರವೇ ಮಾಡಿದ ಚೀಸ್-ಈರುಳ್ಳಿ ಪೈ. ಅಕ್ಕನಿಗೆ ಎರಡು ತುತ್ತಿಗಿಂತ ಜಾಸ್ತಿ ಇಳಿಯಲಿಲ್ಲ. ಅವರು ಮೆಲ್ಲಗೆ "ಇಷ್ಟ ಆಗಲಿಲ್ವಾ?" ಅಂತ ಕೇಳಿದಾಗ ಏನು ಹೇಳಬೇಕೋ ಗೊತ್ತಾಗಲಿಲ್ಲವಂತೆ.

ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲೇ ಓದಿದ ನನಗೂ ಇದು ಗೊತ್ತಿರಲಿಲ್ಲ. ನಮ್ಮ ಟೆಕ್ಸ್ಟ್‌ಬುಕ್ಕಿನಲ್ಲಿ ಬ್ರೇಕ್‌ಫಾಸ್ಟ್, ಲಂಚ್, ಡಿನ್ನರ್, ಅಷ್ಟೇ. ಆದರೆ ಉತ್ತರ ಇಂಗ್ಲೆಂಡಿನ ಎಷ್ಟೋ ಮನೆಗಳಲ್ಲಿ ಡಿನ್ನರ್ ಅಂದರೆ ಮಧ್ಯಾಹ್ನದ ಊಟ, ಟೀ ಅಂದರೆ ಸಂಜೆಯ ಊಟ. ದಕ್ಷಿಣದ ಕಡೆ, ಅದರಲ್ಲೂ ಸ್ವಲ್ಪ ಅನುಕೂಲಸ್ಥರ ಮನೆಗಳಲ್ಲಿ, ಮಧ್ಯಾಹ್ನ ಲಂಚ್, ರಾತ್ರಿ ಡಿನ್ನರ್. ಸಪ್ಪರ್ ಅನ್ನೋದು ಇನ್ನೂ ಗೋಜಲು. ಕೆಲವರಿಗೆ ಅದು ಮನೆಮಂದಿ ಜೊತೆ ಮಾಡುವ ರಾತ್ರಿ ಊಟ, ಕೆಲವರಿಗೆ ಮಲಗುವ ಮುಂಚೆ ತಿನ್ನುವ ಟೋಸ್ಟ್. ಹಾಗಾಗಿ ಯಾರು ಯಾವ ಪದ ಬಳಸ್ತಾರೆ ಅನ್ನೋದರಲ್ಲೇ ಅವರ ಊರು, ಮನೆತನ ಒಂದಿಷ್ಟು ಗೊತ್ತಾಗಿಬಿಡುತ್ತದೆ.

ಇದರಲ್ಲಿ ಯಾರದ್ದೂ ತಪ್ಪಿಲ್ಲ. ಡಿನ್ನರ್ ಅನ್ನೋದು ಹೊತ್ತಿನ ಹೆಸರಲ್ಲ, ದಿನದ ದೊಡ್ಡ ಊಟದ ಹೆಸರು. ಪದದ ಮೂಲ ಹಳೆಯ ಫ್ರೆಂಚ್, ಅದರ ಹಿಂದೆ ಲ್ಯಾಟಿನ್. ಅರ್ಥ ಉಪವಾಸ ಮುರಿಯುವುದು. ಅಂದರೆ ಬ್ರೇಕ್‌ಫಾಸ್ಟ್ ಮತ್ತು ಡಿನ್ನರ್ ಎರಡರ ಅರ್ಥವೂ ಹುಟ್ಟಿನಲ್ಲಿ ಒಂದೇ! 1660ರ ದಶಕದಲ್ಲಿ ಲಂಡನ್ನಿನಲ್ಲಿ ದಿನಚರಿ ಬರೆದ ಸ್ಯಾಮ್ಯುಯೆಲ್ ಪೀಪ್ಸ್ ಡಿನ್ನರ್ ಮಾಡುತ್ತಿದ್ದದ್ದು ಮಧ್ಯಾಹ್ನ. ಆಮೇಲೆ 18 ಮತ್ತು 19ನೇ ಶತಮಾನದಲ್ಲಿ ಶ್ರೀಮಂತರ ಡಿನ್ನರ್ ನಿಧಾನಕ್ಕೆ ಸಂಜೆಗೆ, ರಾತ್ರಿಗೆ ಜರುಗಿತು. ನಡುವೆ ಉಳಿದ ಜಾಗಕ್ಕೆ ಲಂಚ್ ಬಂತು. ಅದೂ ಸಾಲದೆ 1840ರ ಸುಮಾರಿಗೆ ಬೆಡ್‌ಫರ್ಡಿನ ಡಚೆಸ್ ಆನಾ ಹಸಿವು ತಡೆಯಲಾರದೆ ನಾಲ್ಕು ಗಂಟೆಯ ಹೊತ್ತಿಗೆ ಟೀ, ಕೇಕು ತರಿಸಿಕೊಳ್ಳತೊಡಗಿದಳು ಅನ್ನೋ ಕಥೆ ಇದೆ. ಅದೇ ಆಫ್ಟರ್‌ನೂನ್ ಟೀ. ದುಡಿಯುವ ಜನ ಮಾತ್ರ ಡಿನ್ನರನ್ನು ಮಧ್ಯಾಹ್ನಕ್ಕೇ ಬಿಟ್ಟು, ಕೆಲಸ ಮುಗಿಸಿ ಬಂದು ಬ್ರೆಡ್ಡು, ಮಾಂಸ, ಚೀಸ್ ಜೊತೆ ಟೀ ಕುಡಿಯುತ್ತಿದ್ದರು. ಅದಕ್ಕೆ ಹೈ ಟೀ ಅಂತ ಹೆಸರು. ನಮ್ಮಲ್ಲಿ ಸೆಮಿನಾರ್ ಕಾರ್ಡಿನಲ್ಲಿ 'ಹೈ ಟೀ' ಅಂತ ಜೋರಾಗಿ ಹಾಕಿ ಸಮೋಸ ಕೊಡ್ತಾರಲ್ಲ, ಆ ಪದ ಅಸಲಿಗೆ ಫ್ಯಾಕ್ಟರಿ ಕೆಲಸಗಾರರ ರಾತ್ರಿ ಊಟದ್ದು.

ಈಗ ಚೀಸ್. ನಮಗೆ ಚೀಸ್ ಅಂದ್ರೆ ಸ್ಯಾಂಡ್‌ವಿಚ್ ಮೇಲೆ ತುರಿಯೋದು. ಅಲ್ಲಿ ಅದು ಯಾವ ಹೊತ್ತಿನ ಊಟಕ್ಕೂ ಸೇರುತ್ತದೆ, ಡಿನ್ನರ್ ಮುಗಿದ ಮೇಲೆ ಬಿಸ್ಕತ್ತಿನ ಜೊತೆ ಬೇರೆಯಾಗಿಯೂ ಬರುತ್ತದೆ. ಎಲ್ಲಕ್ಕಿಂತ ಹೆಚ್ಚು ಓಡುವುದು ಚೆಡ್ಡಾರ್, ಸಾಮರ್‌ಸೆಟ್‌ನ ಚೆಡ್ಡಾರ್ ಅನ್ನೋ ಹಳ್ಳಿಯ ಹೆಸರಿನದು. ಅದನ್ನು ಮಾಡುವ ಕ್ರಮ ನಮ್ಮ ಪ್ರಾಸೆಸ್ ಫ್ಲೋ ಚಾರ್ಟಿಗೆ ಹೇಳಿ ಮಾಡಿಸಿದ ಹಾಗಿದೆ. ಪನೀರ್‌ಗೆ ನಾವು ಕುದಿಯುವ ಹಾಲಿಗೆ ನಿಂಬೆರಸ ಹಿಂಡ್ತೀವಿ. ಇಲ್ಲಿ ಬೆಚ್ಚಗಿನ ಹಾಲಿಗೆ ಒಳ್ಳೆಯ ಬ್ಯಾಕ್ಟೀರಿಯಾ, ರೆನೆಟ್ ಅನ್ನೋ ಎನ್‌ಜೈಮ್ ಹಾಕ್ತಾರೆ. ಹಾಲು ಗಟ್ಟಿಯಾದ ಮೇಲೆ ಕತ್ತರಿಸಿ, ನೀರು ಬಸಿದು, ಉಳಿದದ್ದನ್ನು ಹಾಸುಗಲ್ಲಿನ ಹಾಗೆ ತುಂಡು ಮಾಡಿ ಒಂದರ ಮೇಲೊಂದು ಪೇರಿಸ್ತಾರೆ. ಆಗಾಗ ಮಗುಚಿ ಹಾಕ್ತಾರೆ. ತನ್ನ ಭಾರಕ್ಕೇ ನೀರು ಇಳಿಯುತ್ತದೆ, ಹುಳಿ ಏರುತ್ತದೆ. ಈ ಹಂತಕ್ಕೇ ಚೆಡ್ಡಾರಿಂಗ್ ಅಂತ ಹೆಸರು. ಆಮೇಲೆ ಪುಡಿ ಮಾಡಿ, ಉಪ್ಪು ಹಾಕಿ, ಒತ್ತಿ, ತಿಂಗಳುಗಟ್ಟಲೆ ಇಡೋದು. ಒಂದು ಕೆಜಿಗೆ ಸುಮಾರು 10 ಲೀಟರ್ ಹಾಲು ಬೇಕು.

ಸಸ್ಯಾಹಾರಿಗಳಿಗೆ ಒಂದು ಮಾತು. ಹಳೆಯ ಕ್ರಮದಲ್ಲಿ ರೆನೆಟ್ ತೆಗೆಯುತ್ತಿದ್ದದ್ದು ಕರುವಿನ ಹೊಟ್ಟೆಯಿಂದ. ಈಗ ಸೂಕ್ಷ್ಮಜೀವಿಗಳಿಂದ ಬಂದ ರೆನೆಟ್ ಹಾಕಿದ ಚೀಸ್ ಬೇಕಾದಷ್ಟು ಸಿಗುತ್ತದೆ, ಸಸ್ಯಾಹಾರಿಗಳಿಗೆ ಆಗುತ್ತದೆ ಅಂತ ಪ್ಯಾಕೆಟ್ ಮೇಲೆ ಬರೆದಿರುತ್ತದೆ. ಓದಿ ತಗೊಳ್ಳಿ. ಅಕ್ಕ ಈಗ ಓದದೆ ಯಾವುದನ್ನೂ ಬುಟ್ಟಿಗೆ ಹಾಕಲ್ಲ.

ನನಗೆ ತುಂಬ ಮಜಾ ಅನ್ನಿಸಿದ್ದು ಸ್ಟಿಲ್ಟನ್ ಕಥೆ. ಇದು ಒಳಗೆಲ್ಲ ನೀಲಿ ಗೆರೆ ಇರುವ ಚೀಸ್. ಸ್ಟೀಲ್ ಸೂಜಿಯಿಂದ ಚುಚ್ಚಿ ಗಾಳಿ ಆಡಿಸಿ ಬೇಕಂತಲೇ ಬೂಷ್ಟು ಬೆಳೆಸ್ತಾರೆ! ಲಂಡನ್ನಿನಿಂದ ಉತ್ತರಕ್ಕೆ ಹೋಗುವ ಕುದುರೆ ಗಾಡಿಗಳು ಸ್ಟಿಲ್ಟನ್ ಅನ್ನೋ ಊರಿನಲ್ಲಿ ನಿಲ್ಲುತ್ತಿದ್ದವು, ಅಲ್ಲಿ ಮಾರಾಟವಾಗಿ ಹೆಸರು ಅಂಟಿಕೊಂಡಿತು. ಆದರೆ ಕಾನೂನು ಪ್ರಕಾರ ಸ್ಟಿಲ್ಟನ್ ಅಂತ ಕರೆಯಬೇಕಾದರೆ ಅದನ್ನು ಡರ್ಬಿಶೈರ್, ಲೆಸ್ಟರ್‌ಶೈರ್, ನಾಟಿಂಗ್‌ಹ್ಯಾಮ್‌ಶೈರ್ ಈ ಮೂರರಲ್ಲೇ ಮಾಡಿರಬೇಕು. ಸ್ಟಿಲ್ಟನ್ ಊರು ಇರೋದು ಕೇಂಬ್ರಿಜ್‌ಶೈರ್‌ನಲ್ಲಿ. ಹಾಗಾಗಿ ಸ್ಟಿಲ್ಟನ್‌ನಲ್ಲಿ ಮಾಡಿದ ಚೀಸಿಗೆ ಸ್ಟಿಲ್ಟನ್ ಅನ್ನೋ ಹಾಗಿಲ್ಲ!

ಪಬ್‌ಗಳಲ್ಲಿ ಸಿಗುವ 'ಪ್ಲೌಮನ್ಸ್ ಲಂಚ್', ಅಂದರೆ ಬ್ರೆಡ್ಡು, ಚೀಸ್, ಈರುಳ್ಳಿ, ಸಿಹಿ-ಹುಳಿ ಪಿಕಲ್, ಕೇಳೋಕೆ ನೂರಾರು ವರ್ಷ ಹಳೆಯದು ಅನ್ನಿಸುತ್ತದೆ. ತಿಂಡಿ ಹಳೆಯದೇ. ಹೆಸರು ಬಳಕೆಗೆ ಬಂದದ್ದು ಮಾತ್ರ 1950-60ರ ದಶಕದಲ್ಲಿ, ಚೀಸ್ ಮಾರಾಟ ಹೆಚ್ಚಿಸುವವರ ಪ್ರಚಾರದಿಂದ. ಯುದ್ಧದ ಕಾಲದಲ್ಲಿ ಚೀಸಿಗೆ ಬಳಸುವ ಹಾಲು ಬಹುಪಾಲು ಒಂದೇ ತರಹದ 'ಗವರ್ನಮೆಂಟ್ ಚೆಡ್ಡಾರ್'ಗೆ ಹೋಗುತ್ತಿತ್ತು, ಚೀಸ್ ರೇಷನ್ ಮುಗಿದದ್ದು 1954ರಲ್ಲಿ. ಜನರಿಗೆ ಮತ್ತೆ ರುಚಿ ಹತ್ತಿಸಬೇಕಿತ್ತು.

ಅಕ್ಕ ಸುಮ್ಮನೆ ಕೂರಲಿಲ್ಲ. ಮಾರನೆಯ ವಾರ ಆ ಅಮ್ಮನಿಗೆ ನಿಜ ಹೇಳಿದಳು, ನಮ್ಮ ಕಡೆ ಟೀ ಅಂದ್ರೆ ಬರೀ ಟೀ, ಅದಕ್ಕೇ ಮನೆಯಲ್ಲೇ ಊಟ ಮಾಡಿ ಬಂದಿದ್ದೆ ಅಂತ. ಅವರು ನಕ್ಕು ಮತ್ತೆ ಕರೆದರು. ಈ ಸಲ ಬೆಳಗಿನಿಂದ ಏನೂ ತಿನ್ನದೆ ಹೋಗಿ ಪೈ ಎರಡು ಸಲ ಹಾಕಿಸಿಕೊಂಡಳು. ಕೊನೆಗೆ ಒಣದ್ರಾಕ್ಷಿ ಕೇಕಿನ ಮೇಲೆ ವೆನ್ಸ್‌ಲಿಡೇಲ್ ಚೀಸ್ ಇಟ್ಟು ಕೊಟ್ಟರಂತೆ, ಯಾರ್ಕ್‌ಶೈರ್ ಕಡೆಯ ಪದ್ಧತಿ ಅದು. ಕೇಕಿನ ಜೊತೆ ಚೀಸಾ ಅಂತ ನಾನು ಮುಖ ಸಿಂಡರಿಸಿದರೆ, "ಹೋಳಿಗೆಗೆ ತುಪ್ಪ ಹಾಕ್ಕೊಳ್ಳಲ್ವೇನೋ, ಹಾಗೇ" ಅಂದಳು. ರಜಕ್ಕೆ ಬರುವಾಗ ಒಂದು ತುಂಡು ತರ್ತೀನಿ ಅಂದಿದ್ದಾಳೆ, ಕಾಯ್ತಾ ಇದ್ದೀನಿ.