ಆನ್‌ಸೈಟ್ ಭತ್ಯೆಯೂ ಇಪ್ಪತ್ತು ವರ್ಷದ ಕಂತೂ

ಕಂಪನಿ ಹೊರದೇಶಕ್ಕೆ ಕಳಿಸಿದಾಗ ಕೊಡುವ ದಿನಭತ್ಯೆಯಲ್ಲಿ ಉಳಿಸಿದ ದುಡ್ಡನ್ನು ನಂಬಿ ಸಾಲ ಮಾಡಬಾರದು. ಆ ದುಡ್ಡಿನಿಂದ ಸಾಲ ತೀರಿಸಬೇಕು. ಸಿಸ್ಟಮ್ ಅಡ್ಮಿನ್ ಕೆಲಸದಲ್ಲೇ ಅನ್ನ ಕಂಡುಕೊಂಡಿರುವ ನಾನು ಈ ಸಲ ಹೇಳಬೇಕೆಂದಿರುವುದು ಇಷ್ಟೇ. ಕೇಳಲು ಇದು ಯಾರು ಬೇಕಾದರೂ ಹೇಳಬಹುದಾದ ಬುದ್ಧಿಮಾತು. ಆದರೆ ತಮಿಳುನಾಡಿನ ಕಂಬೈನಲ್ಲೂರು, ಮೊರಪ್ಪೂರು, ಕಾರಿಮಂಗಲದ ಕಡೆಯಿಂದ ಬೆಂಗಳೂರಿಗೆ ಬಂದು ಈ ಕೆಲಸ ಹಿಡಿದವರ ಮನೆಲೆಕ್ಕ ಬಿಡಿಸಿ ನೋಡಿದರೆ ನಡೆಯುತ್ತಿರುವುದು ಇದಕ್ಕೆ ಉಲ್ಟಾ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಕೆಲಸದಲ್ಲಿ ಇಂಗ್ಲಿಷು ಎಂದು ಮೂರು ಭಾಷೆಯಲ್ಲಿ ಬೆಳೆದ ಹುಡುಗರು ಇವರು. ಸೇಲಂನ ದೇವಾಂಗ ನೇಕಾರರ ಮನೆಗಳಿಂದ ಬಂದವರೂ ಉಂಟು, ಮರಗೆಣಸು ಬೆಳೆಯುವ ಹೊಲದಿಂದ ಬಂದವರೂ ಉಂಟು. ಮೊದಲ ಆನ್‌ಸೈಟ್ ಪ್ರಯಾಣ ಮುಗಿಯುವಷ್ಟರಲ್ಲಿ ಊರಲ್ಲಿ ಜಾಗದ ಮಾತು ಶುರುವಾಗಿರುತ್ತದೆ, ಎರಡನೆಯದಕ್ಕೆ ಮುಂಚೆಯೇ ಸಾಲಕ್ಕೆ ಸಹಿ ಬಿದ್ದಿರುತ್ತದೆ. ವಿಚಿತ್ರವೆಂದರೆ ಇವರ ಅಪ್ಪಂದಿರು ಹೀಗೆ ಮಾಡುವವರಲ್ಲ. 2024ರ ಡಿಸೆಂಬರ್ ಮೊದಲ ವಾರ ಫೆಂಗಲ್ ಚಂಡಮಾರುತಕ್ಕೆ ಪಕ್ಕದ ಊತ್ತಂಗರೈಯಲ್ಲಿ ಒಂದೇ ದಿನ 50 ಸೆಂಟಿಮೀಟರ್ ಮಳೆ ಸುರಿಯಿತು, ತೆನ್‌ಪೆಣ್ಣೈ ನದಿ ಎರಡೂ ದಡ ಮೀರಿ ಹರಿಯಿತು. ಆ ನೀರು ನೋಡಿ ದಡದ ಇರುಮತ್ತೂರಿನ ಯಾವ ರೈತನೂ ಹೊಸದಾಗಿ ತೆಂಗಿನ ತೋಟ ಹಾಕಲು ಹೊರಡಲಿಲ್ಲ.   

ಲೆಕ್ಕವನ್ನೇ ಹಿಡಿಯೋಣ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮವನ್ನು ನೀವು ಹಾಕಿಕೊಳ್ಳಿ. ಜರ್ಮನಿಗೆ 45 ದಿನದ ಪ್ರಯಾಣ, ದಿನಕ್ಕೆ 80 ಯೂರೋ ಭತ್ಯೆ, ಹೋಟೆಲು ಕಂಪನಿಯದು. ಒಟ್ಟು 3,600 ಯೂರೋ. ಲೆಕ್ಕಕ್ಕೆ ಸುಲಭವಾಗಲೆಂದು ಯೂರೋಗೆ 100 ರೂಪಾಯಿ ಎಂದುಕೊಂಡರೆ 3.6 ಲಕ್ಷ. ಕುಕ್ಕರಿನಲ್ಲಿ ಅನ್ನ ಮಾಡಿಕೊಂಡು, ಊರಿಂದ ತಂದ ಪುಡಿ ಕಲಸಿಕೊಂಡು ಅರ್ಧ ಉಳಿಸಿದರೆ 1.8 ಲಕ್ಷ. ಈಗ ಸಾಲದ ಕಡೆ ಬನ್ನಿ. ಸಂಬಳವೊಂದನ್ನೇ ನೋಡಿದರೆ 30 ಲಕ್ಷದ ಗೃಹಸಾಲ ನಿಭಾಯಿಸಬಲ್ಲವನು, ಆನ್‌ಸೈಟ್ ದುಡ್ಡಿದೆಯಲ್ಲ ಎಂಬ ಧೈರ್ಯದಲ್ಲಿ 50 ಲಕ್ಷಕ್ಕೆ ಹೋದ ಎಂದುಕೊಳ್ಳಿ. ಶೇ 8.5ರ ಬಡ್ಡಿ, 20 ವರ್ಷದ ಅವಧಿಯಲ್ಲಿ 30 ಲಕ್ಷಕ್ಕೆ ತಿಂಗಳ ಕಂತು 26,035 ರೂಪಾಯಿ, 50 ಲಕ್ಷಕ್ಕೆ 43,391. ವ್ಯತ್ಯಾಸ 17,356. ಕಷ್ಟಪಟ್ಟು ಉಳಿಸಿದ ಆ 1.8 ಲಕ್ಷ ಈ ವ್ಯತ್ಯಾಸವನ್ನು ಹೊರುವುದು ಹತ್ತು ತಿಂಗಳು ಮಾತ್ರ. ಹನ್ನೊಂದನೇ ತಿಂಗಳಿಗೆ ಇನ್ನೊಂದು ವೀಸಾ ಬೇಕು. ಇಪ್ಪತ್ತು ವರ್ಷದುದ್ದಕ್ಕೂ ಹೀಗೇ ನಡೆಯಬೇಕೆಂದರೆ ಒಂದೂವರೆ ತಿಂಗಳಿನ ಪ್ರಯಾಣ ಸುಮಾರು ಇಪ್ಪತ್ತಮೂರು ಸಲ ಸಿಗಬೇಕು, ಪ್ರತಿ ಸಲವೂ ಅಷ್ಟೇ ಉಳಿಯಬೇಕು. ಇದರಲ್ಲಿ ತೆರಿಗೆಯನ್ನು ನಾನು ಇನ್ನೂ ಸೇರಿಸಿಲ್ಲ. ಪ್ರಯಾಣದ ದಿನಭತ್ಯೆಗೆ ತೆರಿಗೆ ಇಲ್ಲ ಎಂದು ಆಫೀಸಿನಲ್ಲಿ ಹೇಳುವುದು ಅರ್ಧ ಸತ್ಯ; ನಿಜವಾಗಿ ಖರ್ಚಾದಷ್ಟಕ್ಕೆ ಮಾತ್ರ ವಿನಾಯಿತಿ, ಉಳಿದದ್ದು ಆದಾಯಕ್ಕೆ ಸೇರುತ್ತದೆ. ಶೇ 30ರ ಸ್ಲ್ಯಾಬಿನಲ್ಲಿರುವವನಿಗೆ 1.8 ಲಕ್ಷದ ಮೇಲೆ ಸೆಸ್ ಸೇರಿ 56,160 ರೂಪಾಯಿ ತೆರಿಗೆ. ಆಗ ಹತ್ತು ತಿಂಗಳು ಏಳಕ್ಕೆ ಇಳಿಯುತ್ತದೆ.

ಇಪ್ಪತ್ತಮೂರು ಪ್ರಯಾಣ ಯಾಕೆ ಸಿಗುವುದಿಲ್ಲ ಎಂಬುದು ಕೆಲಸದ ಸ್ವರೂಪದಲ್ಲೇ ಇದೆ. ಒಂದು ಸರ್ವರಿನ ಆಪರೇಟಿಂಗ್ ಸಿಸ್ಟಮ್ ಪೂರ್ತಿ ಸತ್ತಿದ್ದರೂ ಡೆಲ್‌ನ ಐಡ್ರ್ಯಾಕ್, ಎಚ್‌ಪಿಇಯ ಐಎಲ್‌ಒ ತರಹದ ರಿಮೋಟ್ ಕನ್ಸೋಲಿನಿಂದ ಅದನ್ನು ಆಫ್ ಮಾಡಿ ಆನ್ ಮಾಡಬಹುದು, ಬಯಾಸ್ ಪರದೆ ನೋಡಬಹುದು, ಬೆಂಗಳೂರಿನ ಲ್ಯಾಪ್‌ಟಾಪಿನಲ್ಲಿರುವ ಐಎಸ್‌ಒ ಫೈಲನ್ನು ಮ್ಯೂನಿಕ್‌ನ ಯಂತ್ರಕ್ಕೆ ಸಿಕ್ಕಿಸಿ ಬೂಟ್ ಮಾಡಬಹುದು. ಹೋದ ಡಿಸ್ಕನ್ನು ಕಿತ್ತು ಹೊಸದು ಹಾಕಲು ಸ್ಥಳೀಯ ವೆಂಡರಿನ ಎಂಜಿನಿಯರ್ ಸಾಕು. ಹಾಗಾಗಿ ದಿನನಿತ್ಯದ ಟ್ರಬಲ್‌ಶೂಟಿಂಗ್‌ಗೆ ಯಾರೂ ವಿಮಾನ ಹತ್ತಿಸುವುದಿಲ್ಲ. ಹತ್ತಿಸುವುದು ಡೇಟಾ ಸೆಂಟರ್ ಸ್ಥಳಾಂತರ, ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ಬದಲಾಯಿಸುವ ದೊಡ್ಡ ಕಟೋವರ್, ಹಳೆಯ ತಂಡದಿಂದ ಕೆಲಸ ವಹಿಸಿಕೊಳ್ಳುವುದು ಇಂಥವಕ್ಕೆ. 2024ರ ಜುಲೈ 19ನ್ನು ನೆನಪಿಸಿ ವಾದಿಸುವವರಿದ್ದಾರೆ. ಅಂದು ಬೆಳಿಗ್ಗೆ ನಮ್ಮ ಗಡಿಯಾರದಲ್ಲಿ 9.39ಕ್ಕೆ ಭದ್ರತಾ ಸಾಫ್ಟ್‌ವೇರ್ ಕಂಪನಿ ಕ್ರೌಡ್‌ಸ್ಟ್ರೈಕ್ ಕಳಿಸಿದ ಒಂದು ದೋಷದ ಅಪ್‌ಡೇಟಿನಿಂದ, ಮೈಕ್ರೋಸಾಫ್ಟಿನ ಅಂದಾಜಿನಂತೆ, 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಯಲ್ಲಿ ನಿಂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಕೆಟ್ಟ ಯಂತ್ರ ನೆಟ್‌ವರ್ಕಿಗೇ ಬರುತ್ತಿರಲಿಲ್ಲವಾದ್ದರಿಂದ ಬಹುಪಾಲು ಕಡೆ ಒಂದೊಂದನ್ನೂ ಸೇಫ್ ಮೋಡಿನಲ್ಲಿ ತೆರೆದು, ಡ್ರೈವರ್ಸ್ ಫೋಲ್ಡರಿನೊಳಗಿನ ಕ್ರೌಡ್‌ಸ್ಟ್ರೈಕ್ ಫೋಲ್ಡರಿಗೆ ಹೋಗಿ, ಸಿ-00000291 ಎಂದು ಶುರುವಾಗುವ ಕಡತವನ್ನು ಕೈಯಾರೆ ಅಳಿಸಬೇಕಾಯಿತು. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇದ್ದಲ್ಲಿ ಅದಕ್ಕೂ ಮೊದಲು 48 ಅಂಕಿಗಳ ರಿಕವರಿ ಕೀ. ಮನುಷ್ಯನ ಕೈ ಸ್ಥಳದಲ್ಲೇ ಬೇಕು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ ಎಂದು ಕೇಳುತ್ತಾರೆ. ಬೇಕಾಗಿದ್ದ ಕೈ ನಮ್ಮದಾಗಿರಲಿಲ್ಲ ಎನ್ನುವುದು ನನ್ನ ಉತ್ತರ. ಅಂದು ಎಷ್ಟೋ ವಿಮಾನಗಳೇ ನಿಂತಿದ್ದವು. ಕೀಬೋರ್ಡಿನ ಮುಂದೆ ಕೂತದ್ದು ಆಯಾ ಊರಿನವರು. ಆ 48 ಅಂಕಿಗಳನ್ನು ಫೋನಿನಲ್ಲಿ ಆರಾರಾಗಿ ಓದಿ ಹೇಳುವ ಕೆಲಸ ದೂರದ ಅಡ್ಮಿನ್‌ಗೆ ಬಂತು. ಆ ಕೆಲಸಕ್ಕೆ ದಿನಭತ್ಯೆ ಇಲ್ಲ.

ಇದಕ್ಕಿಂತ ದೊಡ್ಡ ಸಾಕ್ಷಿ ಕೋವಿಡ್ ಕಾಲದ್ದು. 2020ರ ಮಾರ್ಚ್ 23ರಂದು ನಿಂತ ಅಂತರರಾಷ್ಟ್ರೀಯ ನಿಗದಿತ ವಿಮಾನಗಳು ಮೊದಲಿನಂತೆ ಶುರುವಾದದ್ದು 2022ರ ಮಾರ್ಚ್ 27ಕ್ಕೆ. ಆ ಎರಡು ವರ್ಷದಲ್ಲಿ ಸಂಬಳ ಬಂತು, ಆನ್‌ಸೈಟ್ ಬತ್ತಿತು, ಕಂತು ಮಾತ್ರ ಕೇಳುವುದನ್ನು ನಿಲ್ಲಿಸಲಿಲ್ಲ. ಕಂತು ಮುಂದೂಡಲು ಮೊರಟೋರಿಯಮ್ ಕೊಟ್ಟ ಆರು ತಿಂಗಳಿಗೂ ಬಡ್ಡಿ ಸೇರುತ್ತಲೇ ಇತ್ತು. ಅದಕ್ಕಿಂತ ಕೆಟ್ಟದ್ದೆಂದರೆ ಗಿರಾಕಿಗಳಿಗೆ ಒಂದು ಗುಟ್ಟು ಗೊತ್ತಾಯಿತು: ಯಾರನ್ನೂ ಕರೆಸದೆಯೂ ವ್ಯವಸ್ಥೆ ನಡೆಯುತ್ತದೆ. ವೀಸಾದ ಮಾತೂ ಅಷ್ಟೇ. 2025ರ ಸೆಪ್ಟೆಂಬರಿನಲ್ಲಿ ಅಮೆರಿಕ ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಎಂದು ಘೋಷಿಸಿದ್ದು ಒಂದು ಶುಕ್ರವಾರ, ಜಾರಿಗೆ ಬಂದದ್ದು ಆ ವಾರಾಂತ್ಯಕ್ಕೇ. ಜೊತೆಗೆ ನಮ್ಮ ಕಸುಬಿನಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಂದು ಸಂಗತಿ ಇದೆ. ಸರಿಯಾಗಿ ಮುಗಿಸಿದ ಮೈಗ್ರೇಶನ್ ಮುಂದಿನ ಟಿಕೆಟನ್ನು ತಾನೇ ರದ್ದು ಮಾಡುತ್ತದೆ. ಕಂಪನಿಯ ಸ್ವಂತ ಎಕ್ಸ್‌ಚೇಂಜ್ ಮೇಲ್ ಸರ್ವರುಗಳನ್ನು ಮೈಕ್ರೋಸಾಫ್ಟ್ 365ಕ್ಕೆ ಸಾಗಿಸಿದ ಮೇಲೆ ಆ ಮೇಲ್ ವ್ಯವಸ್ಥೆಗಾಗಿ ಮತ್ತೆ ಯಾರೂ ಅಲ್ಲಿಗೆ ಹೋಗಬೇಕಿಲ್ಲ. ಎಸ್‌ಎಪಿ ಕಂಪನಿಯ ಹಳೆಯ ವ್ಯವಹಾರ ತಂತ್ರಾಂಶವಾದ ಇಸಿಸಿಯ ಕೊನೆಯ ಆವೃತ್ತಿಗಳಿಗೆ ಸಾಮಾನ್ಯ ನಿರ್ವಹಣೆ 2027ರ ಕೊನೆಗೆ ಮುಗಿಯುವುದರಿಂದ ಈಗ ಅದನ್ನು ಹೊಸದಕ್ಕೆ ಸಾಗಿಸುವ ಕೆಲಸಕ್ಕೆ ಓಡಾಟ ಜೋರು. ಈ ಓಡಾಟ ನೋಡಿ ಇಪ್ಪತ್ತು ವರ್ಷದ ಕಂತಿಗೆ ಒಪ್ಪಿಕೊಳ್ಳುವುದು ಯಾವ ಲೆಕ್ಕ? ತಪ್ಪಿನ ಮೂಲ ನಮ್ಮ ತರಬೇತಿಯಲ್ಲೇ ಇರಬಹುದು ಎನಿಸುತ್ತದೆ. ಸರ್ವರಿನ ಸಾಮರ್ಥ್ಯವನ್ನು ನಾವು ಅತಿ ಹೆಚ್ಚು ಲೋಡ್ ಬೀಳುವ ಗಳಿಗೆಗೆ ತಕ್ಕಂತೆ ಗೊತ್ತುಮಾಡುತ್ತೇವೆ, ತಿಂಗಳ ಕೊನೆಯ ದಿನ ಪೇರೋಲ್ ಓಡುವಾಗ ಏನಾಗುತ್ತದೆ ಎಂದು ನೋಡುತ್ತೇವೆ. ಸಾಲದ ಗಾತ್ರ ಗೊತ್ತುಮಾಡಬೇಕಾದದ್ದು ಅತಿ ಕಡಿಮೆ ದುಡ್ಡು ಬರುವ ತಿಂಗಳಿಗೆ.

ಜಾಗದ ಬೆಲೆ ಕಾಯುತ್ತದೆಯೇ ಎಂಬ ಆಕ್ಷೇಪ ಬಲವಾದದ್ದೇ, ತಳ್ಳಿಹಾಕುವಂತಿಲ್ಲ. ಪೋಚಂಪಳ್ಳಿಯಲ್ಲಿ ಓಲಾ ಸ್ಕೂಟರ್ ಕಾರ್ಖಾನೆ ಬಂದಿದೆ, ಹೊಸೂರಿನ ಕಡೆ ಟಾಟಾ ಎಲೆಕ್ಟ್ರಾನಿಕ್ಸ್ ಇದೆ, ಹೊಸೂರಿಗೆ ವಿಮಾನ ನಿಲ್ದಾಣ ಎಂದು 2024ರ ಜೂನಿನಲ್ಲಿ ತಮಿಳುನಾಡು ವಿಧಾನಸಭೆಯಲ್ಲೇ ಘೋಷಣೆಯಾಗಿದೆ. ಸೆಂಟಿನ ಲೆಕ್ಕದಲ್ಲಿ ಜಾಗ ಮಾರುವವನು ಇವೆಲ್ಲವನ್ನೂ ಒಂದೇ ಉಸಿರಿಗೆ ಹೇಳುತ್ತಾನೆ. ಇಂದು 30 ಲಕ್ಷಕ್ಕೆ ಸುಮ್ಮನಾದರೆ ನಾಳೆ ಏನೂ ಸಿಗದು ಎಂಬ ಭಯ ಹುಸಿಯಲ್ಲ. ಆದರೆ ಅದೇ 1.8 ಲಕ್ಷವನ್ನು ಸಣ್ಣ ಸಾಲದ ಮೇಲೆ ಹಾಕಿದರೆ ಏನಾಗುತ್ತದೆ ನೋಡಿ. 30 ಲಕ್ಷದ ಸಾಲಕ್ಕೆ ಆರಂಭದಲ್ಲೇ 1.8 ಲಕ್ಷವನ್ನು ಅಸಲಿಗೆ ಕಟ್ಟಿ, ಕಂತನ್ನು ಅದೇ 26,035ಕ್ಕೆ ಮುಂದುವರಿಸಿದರೆ 240 ತಿಂಗಳ ಸಾಲ ಸುಮಾರು 207 ತಿಂಗಳಿಗೆ ಮುಗಿಯುತ್ತದೆ. ಉಳಿಯುವ ಕಂತು 33, ದುಡ್ಡಿನಲ್ಲಿ ಎಂಟೂವರೆ ಲಕ್ಷಕ್ಕೂ ಮೇಲೆ. ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ವ್ಯಕ್ತಿಗಳಿಂದ ದಂಡ ವಸೂಲು ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ. ಹಾಗಾಗಿ ಒಂದೇ ಮೊತ್ತಕ್ಕೆ ಎರಡು ದಾರಿ: ದೊಡ್ಡ ಸಾಲದಲ್ಲಿ ಹತ್ತು ತಿಂಗಳು ಉಸಿರಾಡಬಹುದು, ಸಣ್ಣ ಸಾಲದಲ್ಲಿ ಮೂವತ್ತಮೂರು ತಿಂಗಳು ಕಡಿಮೆಯಾಗುತ್ತದೆ. ಮುಂದಿನ ಪ್ರಯಾಣ ಬಾರದೇ ಹೋದರೆ ಮೊದಲನೆಯವನು ಚೀಟಿ ಎತ್ತಬೇಕು, ಒಡವೆ ಅಡವಿಡಬೇಕು. ಎರಡನೆಯವನಿಗೆ ಏನೂ ಆಗುವುದಿಲ್ಲ. ಇನ್ನು ಬೆಲೆ ಏರುತ್ತದೆಂದು ಅವಸರಿಸುವ ಜಾಗಗಳಲ್ಲಿ ಎಷ್ಟಕ್ಕೆ ತಮಿಳುನಾಡಿನ ನಗರ ಯೋಜನಾ ಇಲಾಖೆಯ (ಡಿಟಿಸಿಪಿ) ಮಂಜೂರಾತಿ ಇದೆ ಎಂದು ಕೇಳಿ. ಇಲ್ಲದ್ದಕ್ಕೆ ಬ್ಯಾಂಕು ಸಾಮಾನ್ಯವಾಗಿ ಸಾಲ ಕೊಡುವುದಿಲ್ಲ, ಮತ್ತೆ ಚೀಟಿ, ಚಿನ್ನದ ಸಾಲವೇ ಗತಿ.

ದಿನಭತ್ಯೆಯ ಪ್ರಯಾಣ ಬಿಡಿ, ವರ್ಷಗಟ್ಟಲೆ ಪೋಸ್ಟಿಂಗ್ ಸಿಕ್ಕವನ ಮಾತೇನು ಎಂದು ಕೇಳಬಹುದು. ಅಲ್ಲಿ ದುಡ್ಡು ನಿಜಕ್ಕೂ ಸಂಬಳವೇ, ನನ್ನ ವಾದ ಅಷ್ಟರಮಟ್ಟಿಗೆ ಸಡಿಲವಾಗುತ್ತದೆ. ಆದರೂ ದೇಶ ನೋಡಿ ಮಾತಾಡಬೇಕು. ಜರ್ಮನಿ, ನೆದರ್ಲೆಂಡ್ಸ್, ಜಪಾನಿನಂಥ ದೇಶಗಳ ಜೊತೆ ಭಾರತಕ್ಕೆ ಸಾಮಾಜಿಕ ಭದ್ರತೆಯ ಒಪ್ಪಂದವಿದೆ. ಹೊರಡುವ ಮೊದಲು ಭವಿಷ್ಯ ನಿಧಿ ಸಂಸ್ಥೆ ಇಪಿಎಫ್‌ಒದಿಂದ ಕವರೇಜ್ ಪ್ರಮಾಣಪತ್ರ ಮಾಡಿಸಿಕೊಂಡರೆ ಇಲ್ಲಿಯ ಪಿಎಫ್ ಮುಂದುವರಿಯುತ್ತದೆ, ಒಪ್ಪಂದದಲ್ಲಿ ಹೇಳಿದ ಅವಧಿಯವರೆಗೆ ಅಲ್ಲಿಯ ಪಿಂಚಣಿ ನಿಧಿಗೆ ಕಟ್ಟಬೇಕಿಲ್ಲ. ಅಮೆರಿಕದ ಜೊತೆ ಅಂಥ ಒಪ್ಪಂದ ಇಲ್ಲ. ಎಚ್-1ಬಿ ಮೇಲೆ ಅಲ್ಲಿ ಸಂಬಳ ಪಡೆದರೆ ಸೋಶಿಯಲ್ ಸೆಕ್ಯುರಿಟಿಗೆ ಶೇ 6.2, ಮೆಡಿಕೇರ್‌ಗೆ ಶೇ 1.45 ಕಡಿತ, ಪಿಂಚಣಿಗೆ ಅರ್ಹನಾಗಲು ಸುಮಾರು ಹತ್ತು ವರ್ಷದ ದುಡಿಮೆ ಬೇಕು, ಗ್ರೀನ್ ಕಾರ್ಡ್ ಪ್ರಕ್ರಿಯೆ ಶುರುವಾಗದಿದ್ದರೆ ವೀಸಾ ಆರು ವರ್ಷಕ್ಕೆ ಮುಗಿಯುತ್ತದೆ. ವಾಪಸು ಬಂದವನಿಗೆ ಆ ದುಡ್ಡು ಹೋದ ಹಾಗೆಯೇ. ಕೈಗೆ ಬರುವ ಡಾಲರನ್ನು ಮಾತ್ರ ಎಣಿಸಿ ಊರಿನ ಸಾಲಕ್ಕೆ ಭಾಗಿಸುವವರು ಇದನ್ನು ಸೇರಿಸುವುದಿಲ್ಲ, ಬೆಂಗಳೂರಿನಲ್ಲಿ ಖಾಲಿ ಬಿದ್ದರೂ ಕಟ್ಟುತ್ತಲೇ ಇರುವ ಮನೆ ಬಾಡಿಗೆಯನ್ನೂ ಸೇರಿಸುವುದಿಲ್ಲ.

ಸಣ್ಣ ಸೋರಿಕೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ಬ್ಯಾಂಕುಗಳ ಹೆಚ್ಚಿನ ಕ್ರೆಡಿಟ್ ಕಾರ್ಡುಗಳು ವಿದೇಶಿ ಕರೆನ್ಸಿ ವ್ಯವಹಾರಕ್ಕೆ ಶೇ 3.5ರ ಆಸುಪಾಸು ಹೆಚ್ಚುವರಿ ಶುಲ್ಕ ಹಾಕುತ್ತವೆ, ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ. ಅಂಗಡಿಯ ಯಂತ್ರ ರೂಪಾಯಿಯಲ್ಲಿ ಕೊಡುತ್ತೀರಾ, ಯೂರೋದಲ್ಲಾ ಎಂದು ಕೇಳಿದರೆ ಯೂರೋ ಒತ್ತಿ. ರೂಪಾಯಿ ಒತ್ತಿದರೆ ದರ ಅವರದ್ದು. ತಂದ ನೋಟುಗಳಲ್ಲಿ 2,000 ಡಾಲರಿಗೆ ಸಮನಾದಷ್ಟನ್ನು ಇಟ್ಟುಕೊಳ್ಳಬಹುದು, ಹೆಚ್ಚಿನದನ್ನು ವಾಪಸು ಬಂದ 180 ದಿನದೊಳಗೆ ಮಾರಬೇಕು.

ಈ ಎಲ್ಲ ಲೆಕ್ಕ ಬೇಡವೆಂದು ಪೂರ್ತಿ ಅಲ್ಲಿಯ ನೌಕರಿಗೇ ಸೇರುವವರಿದ್ದಾರೆ, ಲೋಕಲ್ ಕಾಂಟ್ರಾಕ್ಟ್ ಎಂದು ಹೇಳುತ್ತೇವಲ್ಲ, ಅದು. ಆದಾಯದ ದೃಷ್ಟಿಯಿಂದ ಅದು ಒಳ್ಳೆಯ ನಿರ್ಧಾರವೇ ಇರಬಹುದು. ಆದರೆ ಕಂಬೈನಲ್ಲೂರಿನ ಕಡೆಯವರು ಹೊರಡುವ ಮೊದಲು ಒಂದು ನಿಯಮ ಓದಿಕೊಳ್ಳಬೇಕು. ಉದ್ಯೋಗಕ್ಕೆಂದು ದೇಶ ಬಿಟ್ಟವನು ವಿದೇಶಿ ವಿನಿಮಯ ಕಾಯ್ದೆಯ ಪ್ರಕಾರ ಅನಿವಾಸಿ. ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಿಕೊಳ್ಳಬೇಕು. ಮನೆ, ಮನೆ ಕಟ್ಟುವ ಜಾಗ ಕೊಳ್ಳಲು ಅಡ್ಡಿಯಿಲ್ಲ. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಮಾತ್ರ ಕೊಳ್ಳುವಂತಿಲ್ಲ, ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಅಪ್ಪನ ಮರಗೆಣಸಿನ ಹೊಲಕ್ಕೆ ತಗುಲಿಕೊಂಡಿರುವ ಎರಡೆಕರೆಯ ಮೇಲೆ ಕಣ್ಣಿಟ್ಟು ಮ್ಯೂನಿಕ್‌ಗೆ ಹೋದವನು, ಅಲ್ಲಿರುವಷ್ಟು ಕಾಲ ಅದನ್ನು ಅಪ್ಪನ ಹೆಸರಿನಲ್ಲೇ, ಅಪ್ಪನಿಗೆ ಕೊಟ್ಟ ದುಡ್ಡಿನಲ್ಲೇ ಕೊಳ್ಳಿಸಬೇಕಾಗುತ್ತದೆ. ಅಣ್ಣತಮ್ಮಂದಿರಿದ್ದರೆ ಆ ಮಾತನ್ನು ಹೊರಡುವ ಮೊದಲೇ ಆಡಿಕೊಂಡಿರಬೇಕು.