ಟಿಕೆಟ್ಟಿನೊಳಗಣ ಕರಾರು

ಯೂರೋಪಿನ ರೈಲು ಪ್ರಯಾಣಕ್ಕೆ ಎಷ್ಟು ಹಣ ಬೇಕಾದೀತೆಂದು ಮಿತ್ರರು ಕೇಳಿದಾಗಲೆಲ್ಲ ನಾನು ಮರುಪ್ರಶ್ನೆಯೊಂದನ್ನು ಹಾಕುತ್ತೇನೆ: ನೀವು ಕೊಳ್ಳಲಿರುವ ಟಿಕೆಟ್ಟು ಒಂದೋ, ಮೂರೋ? ನಮ್ಮಲ್ಲಿ ಇಂತಿಷ್ಟು ದೂರಕ್ಕೆ, ಇಂಥ ದರ್ಜೆಗೆ ಇಂತಿಷ್ಟು ದರವೆಂಬುದು ಬಹುಮಟ್ಟಿಗೆ ನಿಶ್ಚಿತವಾಗಿರುವುದರಿಂದ ಟಿಕೆಟ್ಟನ್ನು ಹಣ ಸಂದಾಯದ ರಸೀತಿಯೆಂದೇ ಭಾವಿಸುವ ಅಭ್ಯಾಸ ನಮಗಾಗಿದೆ. ಅಲ್ಲಿಯಾದರೋ ಒಂದೇ ಬೋಗಿಯಲ್ಲಿ ಅಕ್ಕಪಕ್ಕ ಕುಳಿತ ಇಬ್ಬರಲ್ಲಿ ಒಬ್ಬನು ಮೂವತ್ತು ಯೂರೋ, ಮತ್ತೊಬ್ಬನು ಅದರ ನಾಲ್ಕರಷ್ಟು ತೆತ್ತಿರುವುದು ಸರ್ವೇಸಾಮಾನ್ಯ. ತಿಂಗಳುಗಳ ಮುಂಚೆ ಅಗ್ಗದಲ್ಲಿ ಕೊಂಡವನು ಆ ಒಂದು ಗಾಡಿಗೆ ಮಾತ್ರ ಬದ್ಧನು, ಪೂರ್ಣ ದರ ಕೊಟ್ಟವನು ಆ ದಿನದ ಯಾವ ಗಾಡಿಯನ್ನಾದರೂ ಏರಬಲ್ಲನು. ಹೀಗೆ ಪ್ರತಿಯೊಂದು ಟಿಕೆಟ್ಟಿನೊಳಗೂ ಒಂದೊಂದು ಕರಾರು ಅಡಗಿದೆ. ದರವನ್ನಷ್ಟೇ ನೋಡಿ ಕರಾರನ್ನು ಓದದೆ ಕೊಳ್ಳುವವನು ತಾನು ಕೊಂಡ ವಸ್ತು ಯಾವುದೆಂಬುದನ್ನೇ ಅರಿಯನು.

ಕರಾರಿನ ಬೆಲೆ ತಿಳಿಯುವುದು ಗಾಡಿ ತಡವಾದಾಗ. ಯೂರೋಪಿನಲ್ಲಿ ರೈಲುಗಳು ನಿಮಿಷ ತಪ್ಪದೆ ಓಡುವುವೆಂಬ ನಂಬಿಕೆ ನಮ್ಮ ಜನರಲ್ಲಿ ಇನ್ನೂ ಉಳಿದಿದೆ. ಆ ಖ್ಯಾತಿಗೆ ಸ್ವಿಟ್ಜರ್ಲೆಂಡ್ ಇಂದಿಗೂ ಪಾತ್ರವಾಗಿದೆ. ಮೂರು ನಿಮಿಷ ತಡವಾದರೂ ತಡವೆಂದೇ ಎಣಿಸುವ ಅಲ್ಲಿಯ ಕಟ್ಟುನಿಟ್ಟಿನಲ್ಲಿಯೂ 2024ರಲ್ಲಿ ನೂರಕ್ಕೆ 93ರಷ್ಟು ಸಕಾಲಿಕತೆಯನ್ನು ಆ ಪುಟ್ಟ ದೇಶ ಸಾಧಿಸಿತು. ನೆರೆಯ ಜರ್ಮನಿಯಲ್ಲಿ, ಆರು ನಿಮಿಷದೊಳಗಿನ ವಿಳಂಬವನ್ನು ವಿಳಂಬವೆಂದು ಲೆಕ್ಕಕ್ಕೇ ಹಿಡಿಯದಿದ್ದರೂ, ಅದೇ ವರ್ಷ ದೂರಪ್ರಯಾಣದ ಗಾಡಿಗಳಲ್ಲಿ ವೇಳೆಗೆ ಸರಿಯಾಗಿ ಬಂದವು ನೂರಕ್ಕೆ 62.5 ಮಾತ್ರ. ದಶಕಗಳ ಕಾಲ ಹಳಿಗಳಿಗೂ ಸಿಗ್ನಲುಗಳಿಗೂ ಬೇಕಾದಷ್ಟು ಬಂಡವಾಳ ಹೂಡದಿದ್ದುದರ ಫಲವದು. ಶೀಘ್ರಗಾಮಿ ಗಾಡಿಗಳೂ ಊರೂರಿಗೆ ನಿಲ್ಲುವ ಗಾಡಿಗಳೂ ಸರಕಿನ ಗಾಡಿಗಳೂ ಅವೇ ಹಳಿಗಳನ್ನು ಹಂಚಿಕೊಳ್ಳುವುದರಿಂದ ಒಂದರ ತಡ ಉಳಿದವಕ್ಕೆಲ್ಲ ಹಬ್ಬುತ್ತದೆ. ಹೆಚ್ಚು ತಡವಾಗಿ ಬಂದ ಜರ್ಮನ್ ಗಾಡಿಯನ್ನು ಸ್ವಿಸ್ ಅಧಿಕಾರಿಗಳು ಗಡಿಯ ಬಾಸೆಲ್ ನಗರದಲ್ಲಿಯೇ ತಡೆದು, ತಮ್ಮ ವೇಳಾಪಟ್ಟಿ ಕೆಡದಂತೆ ಪ್ರಯಾಣಿಕರನ್ನು ತಮ್ಮ ಗಾಡಿಗೆ ಹತ್ತಿಸಿಕೊಳ್ಳುವುದೂ ಉಂಟು.

ನಾನೂ ನನ್ನ ಪತ್ನಿಯೂ ಕೊಲೋನ್ ನಗರದಿಂದ ಬಾಸೆಲ್ ಮಾರ್ಗವಾಗಿ ಮಿಲಾನಿಗೆ ಹೊರಟ ದಿನ ಈ ಮಾತುಗಳೆಲ್ಲ ಪ್ರತ್ಯಕ್ಷವಾದವು. ತಡೆಬಾಗಿಲಿಲ್ಲದ, ಟಿಕೆಟ್ಟನ್ನು ಯಾರೂ ಕೇಳದ ನಿಲ್ದಾಣ. ಎ, ಬಿ, ಸಿ ಎಂದು ಭಾಗಮಾಡಿದ ಪ್ಲಾಟ್‌ಫಾರಂ. ನಮ್ಮ ಬೋಗಿ ಯಾವ ಅಕ್ಷರದೆದುರು ನಿಲ್ಲುವುದೆಂದು ತೋರಿಸುವ ನಕ್ಷೆ. ಗುಂಡಿಯೊತ್ತಿದರೆ ಮಾತ್ರ ತೆರೆಯುವ ಬಾಗಿಲು. ಇವೆಲ್ಲ ಒಂದು ಗಂಟೆಯಲ್ಲಿ ರೂಢಿಯಾಗುತ್ತವೆ. ರೂಢಿಯಾಗದಿರುವುದು ಮಾರ್ಗಮಧ್ಯದಲ್ಲಿ ಗಾಡಿ ನಿಂತು, ಧ್ವನಿವರ್ಧಕದಲ್ಲಿ ಜರ್ಮನ್ ಭಾಷೆಯ ದೀರ್ಘ ಪ್ರಕಟಣೆಯಾಗಿ, ಸುತ್ತಲಿನವರೆಲ್ಲ ಒಮ್ಮೆಗೇ ನಿಟ್ಟುಸಿರುಬಿಟ್ಟು ತಮ್ಮ ಫೋನುಗಳನ್ನು ಕೈಗೆತ್ತಿಕೊಳ್ಳುವ ಆ ಗಳಿಗೆ. ಸಿಗ್ನಲ್ ದೋಷವೆಂದು ಎದುರಿನ ವೃದ್ಧೆಯೊಬ್ಬರು ಇಂಗ್ಲಿಷಿನಲ್ಲಿ ತಿಳಿಸಿದರು. ಬಾಸೆಲ್ಲಿನಲ್ಲಿ ನಾವು ಹತ್ತಬೇಕಾಗಿದ್ದ ಮಿಲಾನ್ ಗಾಡಿ ನಮ್ಮನ್ನು ಬಿಟ್ಟು ಹೋಗುವುದು ನಿಶ್ಚಯವಾಯಿತು.

ಅದೇ ಬೋಗಿಯಲ್ಲಿ ಕನ್ನಡದ ಮಾತು ಕಿವಿಗೆ ಬಿದ್ದು ಪರಿಚಯವಾದವರು ಹುಬ್ಬಳ್ಳಿಯ ಕಡೆಯ ನವದಂಪತಿಗಳು. ಅವರೂ ಮಿಲಾನಿಗೆ, ಅಲ್ಲಿಂದ ಅದೇ ಸಂಜೆ ಫ್ಲಾರೆನ್ಸಿಗೆ ಹೊರಟವರು. ಹಂತಹಂತವಾಗಿ ಮೂರು ಟಿಕೆಟ್ಟುಗಳನ್ನು ಬೇರೆಬೇರೆ ಕಡೆ ಕೊಂಡದ್ದರಿಂದ ಇಬ್ಬರಿಗೂ ಸೇರಿ ಮೂವತ್ತು ಯೂರೋ, ಎಂದರೆ ಸುಮಾರು ಮೂರು ಸಾವಿರ ರೂಪಾಯಿ, ಅವರಿಗೆ ಉಳಿದಿತ್ತು. "ಇನ್ನ ಮುಂದಿನ ಎರಡೂ ಟಿಕೆಟ್ ಹೋದಂಗೇ ಏನ್ರಿ ಸರ?" ಎಂದು ಆ ಯುವಕನು ಕೇಳಿದಾಗ ಅವನ ಧ್ವನಿಯಲ್ಲಿದ್ದ ಕಳವಳವು, ಹೊಸದಾಗಿ ಸಂಸಾರ ಹೂಡಿದವರಿಗೆ ಒಂದೊಂದು ಸಾವಿರವೂ ಎಷ್ಟು ದೊಡ್ಡದೆಂಬುದನ್ನು ಬಲ್ಲ ನನ್ನನ್ನು ತುಂಬ ಕಲಕಿತು.

ನಮ್ಮದು ಕೊಲೋನಿನಿಂದ ಮಿಲಾನಿನವರೆಗೆ ಒಂದೇ ಟಿಕೆಟ್ಟು. ಆದ್ದರಿಂದ ನಡುವಿನ ಗಾಡಿ ತಪ್ಪಿದರೂ ನಮ್ಮನ್ನು ಮಿಲಾನಿಗೆ ಮುಟ್ಟಿಸುವ ಹೊಣೆ ರೈಲ್ವೆಯದಾಗಿಯೇ ಉಳಿಯಿತು. ಬಾಸೆಲ್ಲಿನ ಕೌಂಟರಿನಲ್ಲಿ ತಡವಾದುದನ್ನು ದೃಢೀಕರಿಸುವ ಮುದ್ರೆಯೊತ್ತಿಸಿಕೊಂಡು, ಮತ್ತೊಂದು ಕಾಸನ್ನೂ ತೆರದೆ ಮುಂದಿನ ಗಾಡಿಯನ್ನು ಏರಿದೆವು. ಆ ದಂಪತಿಗಳಿಗೂ ಬಾಸೆಲ್ಲಿನಲ್ಲಿ ಅಂಥದೇ ಮುದ್ರೆ ದೊರಕಿತು. ಅನೇಕ ದೇಶಗಳ ರೈಲ್ವೆಗಳು ತಮ್ಮತಮ್ಮೊಳಗೆ ಮಾಡಿಕೊಂಡಿರುವ ಒಪ್ಪಂದವೊಂದರ ಪ್ರಕಾರ, ಅಂತರರಾಷ್ಟ್ರೀಯ ಪ್ರಯಾಣಿಕನ ಟಿಕೆಟ್ಟುಗಳು ಬಿಡಿಬಿಡಿಯಾಗಿದ್ದರೂ ಮುಂದಿನ ಗಾಡಿಯಲ್ಲಿ ಅವನಿಗೆ ಎಡೆಮಾಡಿಕೊಡಬಹುದು. ಇದು ಹಕ್ಕಲ್ಲ, ಔದಾರ್ಯ. ಒಪ್ಪಂದಕ್ಕೆ ಸೇರಿದ ಸಂಸ್ಥೆಗಳನ್ನು ಬಿಟ್ಟರೆ ಉಳಿದವು ಅದಕ್ಕೆ ಬದ್ಧವಲ್ಲ. ಫ್ಲಾರೆನ್ಸಿನ ಅವರ ಟಿಕೆಟ್ಟು ಅಂಥದೊಂದು ಬೇರೆ ಸಂಸ್ಥೆಯದು. ಮಿಲಾನ್ ತಲಪುವ ಹೊತ್ತಿಗೆ ಆ ಗಾಡಿ ಹೊರಟುಹೋಗಿತ್ತು. ಅಂದಿನ ರಾತ್ರಿಯ ಕೋಣೆಗೆ ಫ್ಲಾರೆನ್ಸಿನಲ್ಲಿ ಹಣ ಕಟ್ಟಿದ್ದ ಅವರು ಒಬ್ಬೊಬ್ಬರಿಗೆ ಐವತ್ತು ಯೂರೋಗಳಿಗೂ ಮೀರಿದ ಆ ಹೊತ್ತಿನ ದರವನ್ನು ತೆತ್ತು ಹೊಸ ಟಿಕೆಟ್ಟು ಕೊಂಡರು. ಉಳಿಸಿದ ಮೂವತ್ತರ ಮೂರು ಪಟ್ಟಿಗೂ ಹೆಚ್ಚು ಹಣ ಒಂದು ಸಂಜೆಯಲ್ಲಿ ವ್ಯಯವಾಯಿತು.

ಈ ವಿಷಯದಲ್ಲಿ ಯೂರೋಪಿಯನ್ ಒಕ್ಕೂಟದ ಶಾಸನವು ಪ್ರಯಾಣಿಕನ ಪಕ್ಷಪಾತಿಯಾಗಿರುವುದನ್ನು ನಮ್ಮವರು ಚೆನ್ನಾಗಿ ಮನಗಾಣಬೇಕು. 2021ರಲ್ಲಿ ರಚಿತವಾಗಿ 2023ರ ಜೂನ್ 7ರಿಂದ ಜಾರಿಗೆ ಬಂದ ನಿಯಮಾವಳಿಯಂತೆ, ಗಮ್ಯಸ್ಥಾನವನ್ನು ಒಂದು ಗಂಟೆ ತಡವಾಗಿ ಮುಟ್ಟಿದವನಿಗೆ ಟಿಕೆಟ್ಟಿನ ಬೆಲೆಯಲ್ಲಿ ನೂರಕ್ಕೆ 25, ಎರಡು ಗಂಟೆಯೋ ಅದಕ್ಕೂ ಹೆಚ್ಚೋ ಆದರೆ ನೂರಕ್ಕೆ 50 ಪರಿಹಾರ ಸಲ್ಲುತ್ತದೆ. ಕೂಪನ್ನು ಬೇಡ, ನಗದೇ ಬೇಕೆಂದು ಕೇಳುವ ಅಧಿಕಾರವೂ ಅವನಿಗುಂಟು. ಒಂದು ಗಂಟೆಗೂ ಮೀರಿದ ವಿಳಂಬ ಖಚಿತವೆಂದು ಕಂಡಾಗ ಪ್ರಯಾಣವನ್ನೇ ಕೈಬಿಟ್ಟು ಪೂರ್ಣ ಹಣವನ್ನು ಹಿಂದಕ್ಕೆ ಪಡೆಯಬಹುದು. ಕಾಯುವ ಅವಧಿಗೆ ತಕ್ಕ ಊಟೋಪಹಾರವನ್ನೂ, ರಾತ್ರಿ ತಂಗುವುದು ಅನಿವಾರ್ಯವಾದರೆ ಸಾಧ್ಯವಿರುವಲ್ಲಿ ವಸತಿಯನ್ನೂ ಸಂಸ್ಥೆಯೇ ಒದಗಿಸತಕ್ಕದ್ದು. ನೂರು ನಿಮಿಷಗಳೊಳಗೆ ಬದಲಿ ಮಾರ್ಗವನ್ನು ಸಂಸ್ಥೆ ಸೂಚಿಸದಿದ್ದರೆ ಪ್ರಯಾಣಿಕನು ತಾನೇ ಬೇರೆ ರೈಲನ್ನೋ ಬಸ್ಸನ್ನೋ ಹಿಡಿದು, ಅದಕ್ಕಾದ ಯುಕ್ತ ವೆಚ್ಚವನ್ನು ಕೇಳಬಹುದು. ಪ್ರಚಂಡ ಬಿರುಗಾಳಿ, ನೆರೆ ಮೊದಲಾದ ಅಸಾಧಾರಣ ಕಾರಣಗಳಿದ್ದಾಗ ಪರಿಹಾರದ ಹಣ ಸಿಗದು. ಆಗಲೂ ಮುಂದಕ್ಕೆ ಮುಟ್ಟಿಸುವ ಹೊಣೆ ತಪ್ಪುವುದಿಲ್ಲ. ಗಾಡಿ ಮೂರು ಗಂಟೆಗೂ ಮೀರಿ ತಡವಾದಾಗ ಪ್ರಯಾಣವನ್ನು ಬಿಟ್ಟರೆ ಮಾತ್ರ ಹಣ ಹಿಂದಿರುಗುವ ನಮ್ಮ ರೈಲ್ವೆಯ ಪದ್ಧತಿಗೆ ಒಗ್ಗಿದವರಿಗೆ, ಪ್ರಯಾಣವನ್ನು ಮುಗಿಸಿಯೂ ಅರ್ಧ ಹಣವನ್ನು ಮರಳಿ ಪಡೆಯಬಹುದೆಂಬುದು ಹೊಳೆಯುವುದೇ ಇಲ್ಲ. ಹೊಳೆಯದ್ದರಿಂದ ಕೇಳುವುದೂ ಇಲ್ಲ. ಇದು ದಾನವಲ್ಲ, ಕರಾರಿನ ಒಂದು ಭಾಗ. ಅದನ್ನು ಕೇಳಲು ಸಂಕೋಚಪಡುವುದು ನನಗೆ ಸರಿಯೆಂದು ತೋರುವುದಿಲ್ಲ.

ಮಿಲಾನಿಗೆ ನಾವು ಎರಡು ಗಂಟೆಗೂ ಹೆಚ್ಚು ತಡವಾಗಿ ತಲಪಿದ್ದರಿಂದ ಇಡೀ ಟಿಕೆಟ್ಟಿನ ಅರ್ಧ ನಮಗೆ ಸಂದಿತು. ದಂಪತಿಗಳ ಮೊದಲ ಟಿಕೆಟ್ಟು ಬಾಸೆಲ್ಲಿಗೇ ಮುಗಿದುಹೋಗಿ, ಅಲ್ಲಿಯವರೆಗಿನ ತಡ ಎರಡು ಗಂಟೆಯನ್ನು ಮುಟ್ಟದಿದ್ದುದರಿಂದ ಅವರಿಗೆ ನ್ಯಾಯವಾಗಿ ಸಲ್ಲಬೇಕಾದುದು ಆ ತುಂಡಿನ ನಾಲ್ಕರಲ್ಲಿ ಒಂದು ಪಾಲು ಮಾತ್ರ. ಅರ್ಜಿಯನ್ನು ಮೂರು ತಿಂಗಳೊಳಗಾಗಿ ಸಲ್ಲಿಸುವುದು ಕ್ಷೇಮ. ಅರ್ಜಿಯಲ್ಲಿ ಐಬ್ಯಾನ್ ಎಂಬ, ಯೂರೋಪಿನಲ್ಲಿ ಬಳಕೆಯಲ್ಲಿರುವ ಖಾತೆಸಂಖ್ಯೆಯನ್ನು ಕೇಳುವುದುಂಟು. ನಮ್ಮ ಬ್ಯಾಂಕುಗಳಲ್ಲಿ ಆ ಪದ್ಧತಿಯಿಲ್ಲ, ವಿದೇಶದಿಂದ ಖಾತೆಗೆ ಹಣ ತರಿಸಿಕೊಂಡರೆ ಅದರ ಶುಲ್ಕವೇ ಪರಿಹಾರವನ್ನು ನುಂಗಬಹುದು. ಆದಕಾರಣ ಟಿಕೆಟ್ಟನ್ನು ಸಂಸ್ಥೆಯ ಸ್ವಂತ ಜಾಲತಾಣದಲ್ಲಿ ಕಾರ್ಡಿನಿಂದ ಕೊಂಡು, ಪರಿಹಾರವೂ ಅದೇ ಕಾರ್ಡಿಗೆ ಬರಲೆಂದು ಕೇಳುವುದನ್ನು ನಾನು ಮೆಚ್ಚುತ್ತೇನೆ. ಕಾರ್ಡನ್ನು ಬಳಸುವಾಗ ಯಂತ್ರವು ರೂಪಾಯಿಯಲ್ಲಿ ಕೊಡುವಿರೋ ಯೂರೋದಲ್ಲೋ ಎಂದು ಕೇಳಿದರೆ ಯೂರೋ ಎನ್ನಬೇಕು. ರೂಪಾಯಿ ಎಂದವರಿಗೆ ಅಲ್ಲಿಯ ವ್ಯಾಪಾರಿಯ ಪರವಾಗಿ ಗೊತ್ತುಮಾಡಿದ ದುಬಾರಿ ವಿನಿಮಯ ದರ ಬೀಳುತ್ತದೆ.

ಹಲವು ದೇಶಗಳಿಗೆ ಅನ್ವಯಿಸುವ ಯೂರೈಲ್ ಪಾಸನ್ನು ಕುರಿತು ಒಂದು ಮಾತು. ಜರ್ಮನಿ, ಸ್ವಿಟ್ಜರ್ಲೆಂಡುಗಳಲ್ಲಿ ಹೆಚ್ಚಿನ ಗಾಡಿಗಳನ್ನು ಪಾಸ್ ಹಿಡಿದು ನೇರವಾಗಿ ಏರಬಹುದಾದ್ದರಿಂದ ತಡವಾದಾಗ ಅದರಷ್ಟು ನೆಮ್ಮದಿ ಕೊಡುವುದು ಬೇರೊಂದಿಲ್ಲ. ಫ್ರಾನ್ಸ್, ಇಟಲಿಗಳ ಶೀಘ್ರಗಾಮಿಗಳಲ್ಲಿ ಪಾಸಿನ ಮೇಲೆ ಆಸನ ಕಾದಿರಿಸುವ ಶುಲ್ಕವನ್ನೂ ತೆರಬೇಕು, ಅದನ್ನು ಪಾಸಿನ ಬೆಲೆಗೆ ಕೂಡಿಸಿಯೇ ತುಲನೆ ಮಾಡಬೇಕು.

ಬರುವ ಬೇಸಿಗೆಯಲ್ಲಿ ನನ್ನ ತಮ್ಮನ ಸಂಸಾರವು ಇದೇ ದಾರಿಯಲ್ಲಿ ಹೋಗಲಿದೆ. ಅವರಿಗೆ ನಾನು ಹಾಕಿಕೊಟ್ಟ ಲೆಕ್ಕದಲ್ಲಿ ಕೊಲೋನಿನಿಂದ ಮಿಲಾನಿನವರೆಗೆ ಒಂದೇ ಟಿಕೆಟ್ಟು, ಅದೂ ಬೆಳಗಿನ ಗಾಡಿಗೆ. ಬಾಸೆಲ್ಲಿನಲ್ಲಿ ಒಂದು ಗಂಟೆಗಿಂತ ಕಡಿಮೆಯಿಲ್ಲದ ಬಿಡುವು. ಆ ರಾತ್ರಿ ಮಿಲಾನಿನಲ್ಲಿಯೇ ವಾಸ್ತವ್ಯ. ಫ್ಲಾರೆನ್ಸಿನ ಟಿಕೆಟ್ಟು ಮರುದಿನದ್ದು. ಹೀಗೆ ಮಾಡಿದರೆ ಮೇಲುನೋಟಕ್ಕೆ ನಾಲ್ಕಾರು ಸಾವಿರ ರೂಪಾಯಿ ಹೆಚ್ಚಾಗುವುದೆಂದು ತಮ್ಮನು ಹೇಳಿದನು. ಆ ಹಣವನ್ನು ವೆಚ್ಚದ ಪಟ್ಟಿಯಲ್ಲಿ ವಿಮೆಯ ಕಂತಿನ ಕೆಳಗೆ ಬರೆದುಕೊಳ್ಳಲು ಅವನಿಗೆ ತಿಳಿಸಿದ್ದೇನೆ.